ಮಂಡ್ಯದ ವಕೀಲರು ಕಟ್ಟಿಕೊಟ್ಟ ಅಂಗಳ

ಬೆಂಗಳೂರಿನ ಕ್ರಿಕೆಟ್‌ಗೆ ಕೀರ್ತಿ ತಂದವರು ಆಟಗಾರರು. ನೆಲ ತಂದವರು ಎಂ. ಚಿನ್ನಸ್ವಾಮಿ. ಐಪಿಎಲ್ ಗದ್ದಲದ ದಿನಗಳಲ್ಲೇ ಬರುವ ಮಾರ್ಚ್ 29 ಅವರು ಹುಟ್ಟಿದ ದಿನ. ಊರೆಲ್ಲ ಬಲ್ಲ ಹೆಸರು, ಊರು ಅಷ್ಟಾಗಿ ಅರಿಯದ ಬದುಕು.

1974ರ ನವೆಂಬರ್ 22ರಂದು ಕಬ್ಬನ್ ಪಾರ್ಕಿನ ಅಂಚಿನ ಹೊಸ ಕ್ರೀಡಾಂಗಣದಲ್ಲಿ ಬೆಂಗಳೂರಿನ ಮೊತ್ತಮೊದಲ ಟೆಸ್ಟ್ ಪಂದ್ಯ ಶುರುವಾದಾಗ, ವೆಸ್ಟ್ ಇಂಡೀಸ್ ತಂಡದಲ್ಲಿ ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಎಂಬ ಇಬ್ಬರು ಹೊಸಬರಿದ್ದರು. ಗ್ರೀನಿಜ್ ಮೊದಲ ಇನಿಂಗ್ಸ್‌ನಲ್ಲಿ 93 ರನ್ ಗಳಿಸಿ ರನ್‌ಔಟ್ ಆದರು, ಎರಡನೆಯದರಲ್ಲಿ 107 ಬಾರಿಸಿದರು. ಮುಂದೆ ಜಗತ್ತಿನ ಬೌಲರುಗಳನ್ನೆಲ್ಲ ನಡುಗಿಸಲಿದ್ದ ರಿಚರ್ಡ್ಸ್ ಮಾತ್ರ ಎರಡೂ ಸಲ ಚಂದ್ರಶೇಖರ್ ಎಸೆತದಲ್ಲಿ ಪ್ರಸನ್ನ ಅವರಿಗೆ ಕ್ಯಾಚ್ ಕೊಟ್ಟು, 4 ಮತ್ತು 3 ರನ್‌ಗಳಿಗೆ ಹಿಂತಿರುಗಿದರು.

ಮೊದಲ ಬಾರಿಗೆ ನಾಯಕತ್ವ ವಹಿಸಿದ್ದ ಕ್ಲೈವ್ ಲಾಯ್ಡ್ 163 ರನ್ ಸಿಡಿಸಿದ ಆ ಪಂದ್ಯವನ್ನು ಪಟೌಡಿ ನಾಯಕತ್ವದ ಭಾರತ 267 ರನ್‌ಗಳಿಂದ ಸೋತಿತು. ಆದರೆ ಕರ್ನಾಟಕದವರೇ ಆದ ಸ್ಪಿನ್ನರುಗಳು ಚಂದ್ರಶೇಖರ್ ಮತ್ತು ಪ್ರಸನ್ನ ತಮ್ಮದೇ ಸಂಸ್ಥೆಯ ನೆಲದ ಮೇಲೆ ನಿಂತು ಟೆಸ್ಟ್ ಆಡಿದ್ದು, ಅದುವರೆಗೆ ಕಾಲೇಜು ಮೈದಾನಗಳಲ್ಲಿಯೂ ಸೇನೆಯ ಮೈದಾನಗಳಲ್ಲಿಯೂ ಅನುಮತಿ ಪಡೆದು ಆಡಿಕೊಂಡು ಬಂದಿದ್ದ ಒಂದು ರಾಜ್ಯದ ಕ್ರಿಕೆಟ್‌ಗೆ ಸೋಲು ಗೆಲುವುಗಳಿಗಿಂತ ದೊಡ್ಡ ಸಂಗತಿಯಾಗಿತ್ತು.

ಆ ನೆಲ ತಾನಾಗಿ ಒದಗಿ ಬಂದದ್ದಲ್ಲ. ಸರ್ಕಾರದ ನೆರವಿನಿಂದ ಜಾಗ ಪಡೆದು, 1969ರ ಮೇ ತಿಂಗಳಲ್ಲಿ ಅಡಿಗಲ್ಲು ಹಾಕಿಸಿ, 1970ರಲ್ಲಿ ಕಾಮಗಾರಿ ಆರಂಭಿಸಿ, 1972–73ರ ಋತುವಿನಲ್ಲಿ ಪ್ರಥಮ ದರ್ಜೆ ಪಂದ್ಯಗಳನ್ನು, ಅಂದರೆ ರಣಜಿ ಟ್ರೋಫಿಯಂತಹ ಮೂರು ಅಥವಾ ಹೆಚ್ಚು ದಿನಗಳ ಪಂದ್ಯಗಳನ್ನು, ಅಲ್ಲಿ ಆಡಿಸಿ, ಇನ್ನೆರಡು ವರ್ಷಗಳಲ್ಲಿ ಟೆಸ್ಟ್ ಕೇಂದ್ರದ ಮಾನ್ಯತೆಯನ್ನೂ ಗಳಿಸಿದ ಆ ಇಡೀ ಪ್ರಯತ್ನದ ಹಿಂದಿನ ಮುಖ್ಯ ಶಕ್ತಿ ಮಂಡ್ಯದ ವಕೀಲ ಎಂ. ಚಿನ್ನಸ್ವಾಮಿ.

ಒಂದೇ ದಿನದಲ್ಲಿ ಮುಗಿದ ಆರಂಭ

ಚಿನ್ನಸ್ವಾಮಿಯವರು ಹುಟ್ಟಿದ್ದು 1900ರ ಮಾರ್ಚ್ 29ರಂದು. ತೀರಿಕೊಂಡದ್ದು 1991ರ ನವೆಂಬರ್ 8ರಂದು. ವೃತ್ತಿಯಿಂದ ವಕೀಲರಾಗಿದ್ದ ಅವರು ರಾಜ್ಯ ಕ್ರಿಕೆಟ್ ಸಂಸ್ಥೆಗೆ ಸಲ್ಲಿಸಿದ ಸೇವೆ ನಾಲ್ಕು ದಶಕಗಳಷ್ಟು ದೀರ್ಘವಾದದ್ದು.

ಅವರು ಕೈಹಾಕಿದ ಸಂಸ್ಥೆಯ ಆರಂಭ ಹೆಮ್ಮೆಪಡುವಂತಿರಲಿಲ್ಲ. 1933ರಲ್ಲಿ ಸ್ಥಾಪನೆಯಾದ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯ ತಂಡ 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ರಣಜಿ ಟ್ರೋಫಿ ಚರಿತ್ರೆಯ ಮೊದಲ ಪಂದ್ಯವನ್ನು ಆಡಿತು ಎಂಬುದು ನಿಜ; ಆದರೆ ಎ.ಜಿ. ರಾಮ್ ಸಿಂಗ್ ಅವರ ಬೌಲಿಂಗ್ ಎದುರು 48 ಮತ್ತು 59 ರನ್‌ಗಳಿಗೆ ಮುಗಿದ ಮೈಸೂರು, ಮೂರು ದಿನಗಳ ಪಂದ್ಯವನ್ನು ಒಂದೇ ದಿನದೊಳಗೆ ಸೋತಿತು. 1941–42ರಲ್ಲಿ ಮತ್ತು 1959–60ರಲ್ಲಿ ಫೈನಲ್ ತಲುಪಿದಾಗಲೂ ಎರಡೂ ಸಲ ಬಾಂಬೆಗೆ ಮಣಿಯಿತು.

1956ರಲ್ಲಿ ರಾಜ್ಯ ಪುನರ್ವಿಂಗಡಣೆಯಾಗಿ ನಾಡು ಹಿಗ್ಗಿದ ಮೇಲೆ ಸಂಸ್ಥೆಯ ಹೊಣೆಯೂ ಹಿಗ್ಗಿತು. ಹಳೆಯ ಮೈಸೂರಿನಾಚೆಗೆ ಧಾರವಾಡ, ರಾಯಚೂರು, ಮಂಗಳೂರುಗಳವರೆಗೆ ವಲಯಗಳು ಏರ್ಪಟ್ಟು, ಒಂದೊಂದು ವಲಯದ ಕ್ಲಬ್ಬುಗಳೂ ಲೀಗ್ ಪಂದ್ಯಗಳಿಗೆ ಸೇರಿದವು. ಲೀಗ್ ಎಂದರೆ ಸೋತ ತಂಡ ಅಲ್ಲಿಗೇ ಹೊರಬೀಳದೆ, ಗುಂಪಿನ ಉಳಿದ ಎಲ್ಲ ತಂಡಗಳೊಡನೆಯೂ ಆಡಿ, ಒಟ್ಟು ಅಂಕಗಳ ಮೇಲೆ ಸ್ಥಾನ ಪಡೆಯುವ ಪದ್ಧತಿ. ಹದಿನೇಳರ ಹುಡುಗನೊಬ್ಬನಿಗೆ ಋತುವಿಗೆ ಒಂದು ಪಂದ್ಯ ಸಿಗುತ್ತದೆಯೋ ಹತ್ತು ಸಿಗುತ್ತವೆಯೋ ಎಂಬುದನ್ನು ತೀರ್ಮಾನಿಸುವುದು ಈ ಪದ್ಧತಿಯೇ ಆದ್ದರಿಂದ, ಕ್ರಿಕೆಟ್ ಸಂಸ್ಥೆಯೊಂದರ ನಿಜವಾದ ಕೆಲಸ ಟೆಸ್ಟ್ ಪಂದ್ಯದ ಐದು ದಿನಗಳಲ್ಲಿ ಅಲ್ಲ, ವಾರವಾರವೂ ನಡೆಯಬೇಕಾದ ಈ ಪಂದ್ಯಗಳ ವೇಳಾಪಟ್ಟಿಯಲ್ಲಿದೆ ಎಂದು ಹೇಳಬಹುದು.

ಪೇಟೆ ಮತ್ತು ದಂಡು

ಬೆಂಗಳೂರು ಬಹುಕಾಲ ಒಂದು ಊರಾಗಿರಲಿಲ್ಲ. ಕಬ್ಬನ್ ಪಾರ್ಕಿನ ಪಶ್ಚಿಮಕ್ಕೆ ಮೈಸೂರು ಮಹಾರಾಜರ ಆಡಳಿತದ ಹಳೆಯ ಪೇಟೆ, ಪೂರ್ವಕ್ಕೆ ಬ್ರಿಟಿಷರ ಆಡಳಿತದ ದಂಡು ಪ್ರದೇಶ. ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿದ್ದು 1947ರಲ್ಲಿ, ಎರಡು ನಗರಸಭೆಗಳು ಸೇರಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ.

ಕ್ರಿಕೆಟ್ಟಿನಲ್ಲಿಯೂ ಈ ಇಬ್ಭಾಗ ಉಳಿದಿತ್ತು. ದಂಡಿನ ಕಡೆ ಸೇನೆಗೆ ಸೇರಿದ ಆರ್‌ಎಸ್‌ಐ ಮೈದಾನ, ಪೇಟೆಯ ಕಡೆ ಸೆಂಟ್ರಲ್ ಕಾಲೇಜು ಮೈದಾನ. ಮೈಸೂರು ತಂಡದ ರಣಜಿ ಪಂದ್ಯಗಳು ದೀರ್ಘಕಾಲ ನಡೆದದ್ದು ಸೆಂಟ್ರಲ್ ಕಾಲೇಜು ಮೈದಾನದಲ್ಲಿ. ಆದರೆ ಆಟಗಾರರನ್ನು ಬೆಳೆಸಿದ್ದು ಇವೆರಡಕ್ಕಿಂತ ಹೆಚ್ಚಾಗಿ ಬಡಾವಣೆಗಳ ಚಿಕ್ಕ ಮೈದಾನಗಳೇ.

ಲಾಲ್‌ಬಾಗಿನ ಮಗ್ಗುಲಿನ ಮಾವಳ್ಳಿಯಿಂದ ಬಸವನಗುಡಿ, ಚಾಮರಾಜಪೇಟೆಗಳವರೆಗೆ, ಅತ್ತ ಉತ್ತರಕ್ಕೆ ಮಲ್ಲೇಶ್ವರದವರೆಗೆ ಶಾಲೆ ಕಾಲೇಜುಗಳ ಮೈದಾನಗಳಲ್ಲಿ, ಗಟ್ಟಿ ನೆಲದ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ನಾಲ್ಕೂ ಕಡೆ ಮೊಳೆ ಹೊಡೆದು ಮಾಡಿದ ಮ್ಯಾಟಿಂಗ್ ಪಿಚ್‌ಗಳ ಮೇಲೆ ಲೀಗ್ ಪಂದ್ಯಗಳು ನಡೆಯುತ್ತಿದ್ದವು. ಚಾಪೆಯ ಮೇಲೆ ಚೆಂಡು ಪುಟಿದು ತಿರುಗುತ್ತದೆ. ಸ್ಪಿನ್ನರನ ಬೆರಳಿಗೆ ಪ್ರತಿಫಲ ಸಿಗುತ್ತದೆ, ಬ್ಯಾಟ್ಸ್‌ಮನ್‌ನ ಮಣಿಕಟ್ಟು ಚುರುಕಾಗಬೇಕಾಗುತ್ತದೆ. ಪ್ರಸನ್ನ, ಚಂದ್ರಶೇಖರ್ ಮತ್ತು ಬ್ಯಾಟ್ಸ್‌ಮನ್ ಗುಂಡಪ್ಪ ವಿಶ್ವನಾಥ್ ಅವರ ಆಟದ ಗುಣಕ್ಕೂ ಈ ಚಾಪೆಗೂ ನಂಟಿದೆ. ಈ ಬಡಾವಣೆಗಳ ಶಾಲೆಗಳಲ್ಲೊಂದಾದ, 1917ರಲ್ಲಿ ಆರಂಭವಾದ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಮುಂದೆ ಸ್ಪಿನ್ನರ್ ಅನಿಲ್ ಕುಂಬ್ಳೆಯವರಿಗೂ ಶಾಲೆಯಾಯಿತು.

ಚಿನ್ನಸ್ವಾಮಿಯವರ ಕ್ರೀಡಾಂಗಣ ಎದ್ದ ಜಾಗವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕಬ್ಬನ್ ರಸ್ತೆ ಮತ್ತು ಕ್ವೀನ್ಸ್ ರಸ್ತೆಗಳ ನಡುವಿನ ಆ ತಾಣ, ಹಿಂದೆ ಪೇಟೆಗೂ ದಂಡಿಗೂ ಗಡಿಯಂತಿದ್ದ ಉದ್ಯಾನದ ಅಂಚಿನಲ್ಲಿಯೇ ಇದೆ. ಮಲ್ಲೇಶ್ವರದ ಕ್ಲಬ್ಬಿಗೂ ಫ್ರೇಜರ್ ಟೌನಿನ ಕ್ಲಬ್ಬಿಗೂ ಸಮಾನವಾಗಿ ಸಲ್ಲುವ, ಯಾವ ಕಾಲೇಜಿನ ಪರೀಕ್ಷೆಗೂ ಯಾವ ರೆಜಿಮೆಂಟಿನ ಕವಾಯತಿಗೂ ಅಧೀನವಲ್ಲದ ಒಂದು ಸಾಮಾನ್ಯ ಮನೆ ಬೆಂಗಳೂರಿನ ಕ್ರಿಕೆಟ್‌ಗೆ ಸಿಕ್ಕಿದ್ದು ಅಲ್ಲಿಯೇ. ಚಿನ್ನಸ್ವಾಮಿಯವರ ಎಲ್ಲ ಕೆಲಸಗಳಲ್ಲಿ ಇದೇ ಹಿರಿದು.

> ಬಾಡಿಗೆ ಮನೆಯ ಪಾಡು
> ಸ್ವಂತ ಅಂಗಳವಿಲ್ಲದ ಸಂಸ್ಥೆಯ ಕಷ್ಟಕ್ಕೆ ಬಾಂಬೆಯೇ ನಿದರ್ಶನ. ಅಲ್ಲಿನ ಬ್ರೆಬೋರ್ನ್ ಕ್ರೀಡಾಂಗಣ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾಕ್ಕೆ ಸೇರಿದ್ದರಿಂದ, ಟಿಕೆಟ್ ಹಂಚಿಕೆಯ ಕುರಿತು ಕ್ಲಬ್ಬಿಗೂ ಬಾಂಬೆ ಕ್ರಿಕೆಟ್ ಸಂಸ್ಥೆಗೂ ಜಗಳ ಬೆಳೆದು, ಸಂಸ್ಥೆ ಸಮೀಪದಲ್ಲೇ ವಾಂಖೆಡೆ ಕ್ರೀಡಾಂಗಣ ಕಟ್ಟಿತು. ಅಲ್ಲಿನ ಮೊದಲ ಟೆಸ್ಟ್ ನಡೆದದ್ದು 1975ರ ಜನವರಿಯಲ್ಲಿ, ಬೆಂಗಳೂರಿನ ಮೊದಲ ಟೆಸ್ಟ್ ನಡೆದ ಅದೇ ಸರಣಿಯಲ್ಲಿ.

ಷಿಕಾಗೋದ ಇನ್ನೊಬ್ಬ ಅಧ್ಯಕ್ಷ

ಚಿನ್ನಸ್ವಾಮಿಯವರಂತೆ ಆಡಳಿತಗಾರನೊಬ್ಬ ಆಟದ ಹಣೆಬರಹವನ್ನೇ ತಿದ್ದಿದ್ದಕ್ಕೆ ಅಮೆರಿಕದ ಬೇಸ್‌ಬಾಲ್ ಚರಿತ್ರೆಯಲ್ಲಿ ಹಳೆಯ ಉದಾಹರಣೆಯಿದೆ. ಷಿಕಾಗೋದ ಕಲ್ಲಿದ್ದಲು ವ್ಯಾಪಾರಿ ವಿಲಿಯಂ ಹಲ್ಬರ್ಟ್ 1876ರ ಫೆಬ್ರುವರಿ 2ರಂದು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕ್ಲಬ್ಬುಗಳ ಪ್ರತಿನಿಧಿಗಳನ್ನು ಕಲೆಹಾಕಿ ನ್ಯಾಷನಲ್ ಲೀಗ್ ಸ್ಥಾಪಿಸಿದರು. ಪೂರ್ವ ಕರಾವಳಿಯ ಕ್ಲಬ್ಬುಗಳ ಒಪ್ಪಿಗೆಗಾಗಿ ಮಾರ್ಗನ್ ಬಲ್ಕ್‌ಲಿ ಎಂಬವರನ್ನು ಮೊದಲ ಅಧ್ಯಕ್ಷರನ್ನಾಗಿ ಮಾಡಿ, ಅವರು ಒಂದೇ ಋತುವಿನಲ್ಲಿ ಬಿಟ್ಟ ಪೀಠಕ್ಕೆ ತಾವು ಬಂದರು.

ವೇಳಾಪಟ್ಟಿಯ ಕೊನೆಯ ಪ್ರವಾಸಕ್ಕೆ ಹೋಗಲೊಪ್ಪದ ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ತಂಡಗಳನ್ನು, ಅವು ಎಷ್ಟೇ ದೊಡ್ಡ ಊರುಗಳ ತಂಡಗಳಾಗಿದ್ದರೂ, ಹಲ್ಬರ್ಟ್ ಲೀಗಿನಿಂದ ಹೊರಹಾಕಿದರು. 1877ರಲ್ಲಿ ಹಣ ಪಡೆದು ಪಂದ್ಯ ಬಿಟ್ಟುಕೊಟ್ಟ ಲೂಯಿವಿಲ್‌ನ ನಾಲ್ವರು ಆಟಗಾರರಿಗೆ ಆಜೀವ ನಿಷೇಧ ಬಿತ್ತು. ಒಪ್ಪಿಕೊಂಡ ಪಂದ್ಯವನ್ನು ಆಡಿಯೇ ತೀರಬೇಕು, ಆಟ ಪ್ರಾಮಾಣಿಕವಾಗಿರಬೇಕು ಎಂಬ ಈ ಎರಡು ನಿಯಮಗಳು ಅಂದು ಬಿಗಿಯಾಗಿದ್ದರಿಂದಲೇ ಆ ಲೀಗ್ ಇಂದಿಗೂ ಜೀವಂತವಾಗಿದೆ.

ಅದೇ ಹಲ್ಬರ್ಟ್ ಕಾಲದಲ್ಲಿಯೇ, 1879ರಲ್ಲಿ, ಪ್ರತಿ ಕ್ಲಬ್ಬೂ ಐವರು ಆಟಗಾರರನ್ನು ಬೇರೆಡೆ ಹೋಗದಂತೆ ತನಗೇ ಕಾದಿರಿಸಿಕೊಳ್ಳುವ ಕಟ್ಟಳೆಯೂ ಬಂತು. ಆಟವನ್ನು ಉಳಿಸಿದ ಅಧಿಕಾರವೇ ಆಟಗಾರನ ಕೈ ಕಟ್ಟಿದ ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ನೂರು ವರ್ಷಗಳ ನಂತರ ಚಿನ್ನಸ್ವಾಮಿಯವರ ಕಾಲದ ಕ್ರಿಕೆಟ್‌ಗೂ ಅದೇ ಪ್ರಶ್ನೆ ಎದುರಾಯಿತು.

> ತಡವಾಗಿ ಬಂದ ಗೌರವ
> ಮೊದಲ ಅಧ್ಯಕ್ಷ ಎಂಬ ಕಾರಣಕ್ಕೆ ಬಲ್ಕ್‌ಲಿ ಹೆಸರು 1937ರಲ್ಲೇ ಬೇಸ್‌ಬಾಲ್‌ನ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿತು. ಲೀಗನ್ನು ನಿಜವಾಗಿ ಕಟ್ಟಿದ ಹಲ್ಬರ್ಟ್ ಅವರಿಗೆ ಆ ಗೌರವ ಸಂದದ್ದು 1995ರಲ್ಲಿ, ಅವರು ತೀರಿಕೊಂಡು 113 ವರ್ಷಗಳಾದ ಮೇಲೆ.

ಬಾಂಬೆಯ ಹದಿನೈದು ವರ್ಷಗಳಿಗೆ ತೆರೆ

ಬೆಂಗಳೂರಿನ ಹೊಸ ಅಂಗಳದ ಫಲ ಬಹುಬೇಗ ಕಂಡಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾಗಿ, ಸಂಸ್ಥೆಯೂ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯಾದ ಆ ಋತುವಿನಲ್ಲೇ, 1958–59ರಿಂದ ಸತತ ಹದಿನೈದು ಸಲ ರಣಜಿ ಟ್ರೋಫಿ ಗೆದ್ದಿದ್ದ ಬಾಂಬೆ ತಂಡ ಸೆಮಿಫೈನಲ್ ಆಡಲು ಈ ಅಂಗಳಕ್ಕೆ ಬಂದಿತು.

ಗುಂಡಪ್ಪ ವಿಶ್ವನಾಥ್ ಅವರ 162 ಮತ್ತು ಬ್ರಿಜೇಶ್ ಪಟೇಲ್ ಅವರ 106 ರನ್‌ಗಳ ಬಲದಿಂದ ಕರ್ನಾಟಕ 385 ರನ್ ಪೇರಿಸಿತು. ನಾಯಕ ಪ್ರಸನ್ನ ತಾವೇ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ಅಜಿತ್ ವಾಡೇಕರ್ ರನ್ ಓಡುವಾಗ ಜಾರಿ ರನ್‌ಔಟ್ ಆದರು. ಬಾಂಬೆ 307ಕ್ಕೆ ಮುಗಿಯಿತು. ಪಂದ್ಯ ಡ್ರಾ ಆದಾಗ ಮೊದಲ ಇನಿಂಗ್ಸ್‌ನಲ್ಲಿ ಹೆಚ್ಚು ರನ್ ಗಳಿಸಿದ ತಂಡವನ್ನೇ ಮುಂದಕ್ಕೆ ಕಳಿಸುವ ನಿಯಮದಂತೆ, 78 ರನ್‌ಗಳ ಮುನ್ನಡೆ ಕರ್ನಾಟಕವನ್ನು ಫೈನಲ್‌ಗೆ ಒಯ್ದಿತು. ಜೈಪುರದಲ್ಲಿ ರಾಜಸ್ಥಾನವನ್ನು 185 ರನ್‌ಗಳಿಂದ ಸೋಲಿಸಿ ರಾಜ್ಯ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು. ಚೆಪಾಕ್‌ನಲ್ಲಿ ಒಂದೇ ದಿನದಲ್ಲಿ ಸೋತ ಮೊದಲ ಪಂದ್ಯದಿಂದ ಇಲ್ಲಿಗೆ ಸುಮಾರು ನಲವತ್ತು ವರ್ಷಗಳು ಸಂದಿದ್ದವು.

ಇದನ್ನು ಅಂಗಳದ ಗೆಲುವು ಎನ್ನುವುದು ಆಟಗಾರರಿಗೆ ಅನ್ಯಾಯವಾದೀತು. ಆದರೆ ಬಾಂಬೆಯಂತಹ ತಂಡವನ್ನು ತಮ್ಮ ಜನರ ಮುಂದೆ, ತಮಗೆ ಪರಿಚಿತವಾದ ಪಿಚ್‌ನ ಮೇಲೆ ಎದುರಿಸುವ ಅವಕಾಶವನ್ನು ಆಟಗಾರರಿಗೆ ಒದಗಿಸಿದ್ದು ಸಂಸ್ಥೆ, ಮತ್ತು ಆ ಸಂಸ್ಥೆಯನ್ನು ಅಲ್ಲಿಯವರೆಗೆ ನಡೆಸಿ ತಂದವರಲ್ಲಿ ಚಿನ್ನಸ್ವಾಮಿಯವರು ಮುಂಚೂಣಿಯಲ್ಲಿದ್ದರು.

ದೇಶದ ಕ್ರಿಕೆಟ್ ಪೀಠದಲ್ಲಿ

ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯಲ್ಲಿ ಚಿನ್ನಸ್ವಾಮಿಯವರು 1960ರಿಂದ 1965ರವರೆಗೆ ಕಾರ್ಯದರ್ಶಿಯಾಗಿದ್ದರು. ಟೆಸ್ಟ್ ಆಡಿದ ಮಾತ್ರಕ್ಕೆ ಜೀವನ ನಡೆಯದ ಕಾಲವದು: 1962ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಮಾಡಿ ಬಂದ ಪ್ರಸನ್ನ, ಮೈಸೂರಿನಲ್ಲಿ ಎಂಜಿನಿಯರಿಂಗ್ ಪದವಿ ಮುಗಿಸಲೆಂದು ಟೆಸ್ಟ್ ಕ್ರಿಕೆಟ್ ಬಿಟ್ಟು, ಮತ್ತೆ ತಂಡಕ್ಕೆ ಬಂದದ್ದು 1967ರ ಜನವರಿಯಲ್ಲಿ.

ಟೆಸ್ಟ್ ಆಡುವ ದೇಶಗಳ ಕೂಟವಾದ ಅಂತರರಾಷ್ಟ್ರೀಯ ಕ್ರಿಕೆಟ್ ಸಮ್ಮೇಳನದಲ್ಲಿ ಅವರು 1965, 1973, 1977 ಮತ್ತು 1980ರಲ್ಲಿ ಭಾರತವನ್ನು ಪ್ರತಿನಿಧಿಸಿದರು. ಇವುಗಳಲ್ಲಿ 1965ರ ವರ್ಷ ಮುಖ್ಯವಾದದ್ದು, ಏಕೆಂದರೆ ಹೆಸರಿನಲ್ಲಿದ್ದ ‘ಸಾಮ್ರಾಜ್ಯ’ವನ್ನು ಕಳಚಿ ‘ಅಂತರರಾಷ್ಟ್ರೀಯ’ವಾದ ಆ ಕೂಟ, ಟೆಸ್ಟ್ ಆಡದ ದೇಶಗಳಿಗೂ ಸಹ ಸದಸ್ಯತ್ವ ತೆರೆದದ್ದು ಆಗಲೇ, ಹಾಗೆ ಮೊದಲು ಒಳಬಂದ ಮೂರು ದೇಶಗಳು ಸಿಲೋನ್, ಫಿಜಿ ಮತ್ತು ಬೇಸ್‌ಬಾಲ್‌ನ ತವರಾದ ಅಮೆರಿಕ.

1977ರಲ್ಲಿ ಚಿನ್ನಸ್ವಾಮಿಯವರು ಮಂಡಳಿಯ ಅಧ್ಯಕ್ಷರಾದಾಗ ಕ್ರಿಕೆಟ್ ಲೋಕ ಹಿಂದೆಂದೂ ಕಾಣದ ತಳಮಳದಲ್ಲಿತ್ತು. ಟೆಸ್ಟ್ ಪ್ರಸಾರದ ಹಕ್ಕು ಸಿಗದೆ ಕೆರಳಿದ ಆಸ್ಟ್ರೇಲಿಯಾದ ಟಿ.ವಿ. ಒಡೆಯ ಕೆರ್ರಿ ಪ್ಯಾಕರ್, ಹೆಸರಾಂತ ಆಟಗಾರರನ್ನು ದೊಡ್ಡ ಸಂಬಳಕ್ಕೆ ಸೆಳೆದು ತಮ್ಮದೇ ವರ್ಲ್ಡ್ ಸೀರೀಸ್ ಕ್ರಿಕೆಟ್ ಆರಂಭಿಸಿದ್ದರು. ಪ್ಯಾಕರ್ ಸೇರಿದವರನ್ನು ನಿಷೇಧಿಸಲು ಅಂತರರಾಷ್ಟ್ರೀಯ ಕೂಟ ಹೊರಟಿತು. ದುಡಿಯುವವನ ಹಕ್ಕಿಗೆ ಅಡ್ಡಿಪಡಿಸುವುದು ಸಲ್ಲದೆಂದು ಲಂಡನ್ನಿನ ಹೈಕೋರ್ಟು ಅದನ್ನು ತಳ್ಳಿಹಾಕಿತು.

ಆ ಗೊಂದಲದ ನಡುವೆಯೂ ಭಾರತದ ಕ್ರಿಕೆಟ್ ನಿಲ್ಲಲಿಲ್ಲ. ಬೇಡಿ ನಾಯಕತ್ವದ ತಂಡ ಆಸ್ಟ್ರೇಲಿಯಾಕ್ಕೆ ಹೋಗಿ, ನಿವೃತ್ತಿಯಿಂದ ಮರಳಿ ಬಂದ 41ರ ಬಾಬ್ ಸಿಂಪ್ಸನ್ ಅವರ ತಂಡದೊಡನೆ ಸರಣಿ ಆಡಿ 3–2ರ ಅಂತರದಲ್ಲಿ ಸೋತಿತು; 1978ರಲ್ಲಿ ಭಾರತ ಮತ್ತು ಪಾಕಿಸ್ತಾನಗಳ ಟೆಸ್ಟ್ ಸಂಬಂಧ ಬಹುವರ್ಷಗಳ ನಂತರ ಮರುಕೂಡಿತು. 1977ರ ಡಿಸೆಂಬರಿನಿಂದ 1980ರ ಫೆಬ್ರುವರಿಯೊಳಗೆ ಭಾರತ ಆಡಿದ ಟೆಸ್ಟ್‌ಗಳು 31, ಅವುಗಳಲ್ಲಿ ಮೂರು ಬೆಂಗಳೂರಿನಲ್ಲಿ. ಪ್ಯಾಕರ್ ಎಬ್ಬಿಸಿದ ಬಿರುಗಾಳಿಯಲ್ಲಿ ಇಷ್ಟೊಂದು ಪಂದ್ಯಗಳು ನಿಶ್ಚಯವಾದಂತೆ ನಡೆದದ್ದು ಮಂಡಳಿಯ ಆಡಳಿತಕ್ಕೆ ಸಲ್ಲಬೇಕಾದ ಮೆಚ್ಚುಗೆ.

ಮೆಚ್ಚಲಾಗದ್ದೂ ಉಂಟು. ಪ್ಯಾಕರ್ ಬಳಗದೊಡನೆ ಭಾರತದ ಆಟಗಾರರ ಮಾತುಕತೆಯ ಸುದ್ದಿಗಳು ಹರಡಿದ್ದ 1979ರಲ್ಲಿ, ವೆಸ್ಟ್ ಇಂಡೀಸ್ ಎದುರು ಸರಣಿ ಗೆದ್ದುಕೊಟ್ಟಿದ್ದ ಗಾವಸ್ಕರ್ ಅವರಿಂದ ನಾಯಕತ್ವ ಕಿತ್ತುಕೊಳ್ಳಲಾಯಿತು, ದೇಶದ ಅತ್ಯುತ್ತಮ ವಿಕೆಟ್‌ಕೀಪರ್ ಆಗಿದ್ದ ಕರ್ನಾಟಕದ ಕಿರ್ಮಾನಿಯವರನ್ನು ತಂಡದಿಂದಲೇ ಬಿಡಲಾಯಿತು. ಇಂಗ್ಲೆಂಡಿಗೆ ಹೋದ ತಂಡ ವಿಶ್ವಕಪ್‌ನಲ್ಲಿ ಶ್ರೀಲಂಕಾಕ್ಕೂ ಸೇರಿ ಮೂರಕ್ಕೆ ಮೂರೂ ಪಂದ್ಯ ಸೋತಿತು. ತಂಡ ಆರಿಸುವುದು ಆಯ್ಕೆ ಸಮಿತಿಯ ಕೆಲಸವೇ ಹೊರತು ಅಧ್ಯಕ್ಷರದಲ್ಲ. ಆದರೂ ಆ ಅವಧಿಯ ಮಂಡಳಿಯನ್ನು ತೂಗುವಾಗ ಈ ನಿರ್ಧಾರವನ್ನು ಬದಿಗಿಡಲಾಗದು.

> ಆಟವನ್ನು ನಿಲ್ಲಿಸಿದ ಎರಡು ಘಟನೆಗಳು
> 1978ರ ಡಿಸೆಂಬರಿನ ಬೆಂಗಳೂರು ಟೆಸ್ಟ್‌ನ ಕೊನೆಯ ದಿನದ ಆಟ ನಡೆಯಲಿಲ್ಲ. ಚಿಕ್ಕಮಗಳೂರಿನಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಇಂದಿರಾ ಗಾಂಧಿಯವರ ಬಂಧನದಿಂದ ಗಲಭೆ ಎದ್ದದ್ದೇ ಕಾರಣ.
> 1980ರ ಫೆಬ್ರುವರಿ 16ರಂದು ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದ ಸಂಪೂರ್ಣ ಸೂರ್ಯಗ್ರಹಣಕ್ಕಾಗಿ, ಬಾಂಬೆಯಲ್ಲಿ ನಡೆಯುತ್ತಿದ್ದ ಮಂಡಳಿಯ ಸುವರ್ಣ ಮಹೋತ್ಸವ ಟೆಸ್ಟ್‌ಗೆ ಅಂದು ಬಿಡುವು ಕೊಡಲಾಯಿತು.

ಆ ಸುವರ್ಣ ಮಹೋತ್ಸವ ಟೆಸ್ಟ್ ಚಿನ್ನಸ್ವಾಮಿಯವರ ಅಧ್ಯಕ್ಷತೆಯ ದೊಡ್ಡ ಸಮಾರಂಭವಾಗಿತ್ತು, ಮತ್ತು ಭಾರತದ ನಾಯಕರಾಗಿದ್ದವರು ವಿಶ್ವನಾಥ್. ಔಟೆಂಬ ತೀರ್ಪಿನ ಮೇಲೆ ಹೊರಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು, ಚೆಂಡು ಬ್ಯಾಟಿಗೆ ತಗಲಿಲ್ಲವೆಂದು ಮನಗಂಡ ವಿಶ್ವನಾಥ್ ಮರಳಿ ಕರೆದರು. ಟೇಲರ್ ಮತ್ತು ಇಯಾನ್ ಬಾಥಮ್ 171 ರನ್ ಸೇರಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಮಂಡಳಿ ಐವತ್ತು ವರ್ಷ ಪೂರೈಸಿದ್ದಕ್ಕೆ ಇದಕ್ಕಿಂತ ಘನವಾದ ಆಚರಣೆ ಬೇರಿರಲಾರದು.

ಹೆಸರು ಮತ್ತು ಹೊಣೆ

ಕ್ರೀಡಾಂಗಣಕ್ಕೆ ಮುಂದೆ ಚಿನ್ನಸ್ವಾಮಿಯವರ ಹೆಸರೇ ಬಂತು. 1987ರಲ್ಲಿ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್‌ನಲ್ಲಿ 96 ರನ್ ಗಳಿಸಿದ್ದು, 2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊತ್ತಮೊದಲ ಪಂದ್ಯದಲ್ಲಿ ಬ್ರೆಂಡನ್ ಮೆಕ್ಕಲಂ ಔಟಾಗದೆ 158 ಬಾರಿಸಿದ್ದು ಇಲ್ಲಿಯೇ. 2010ರಲ್ಲಿ ಕುಂಬ್ಳೆ ಸಂಸ್ಥೆಯ ಅಧ್ಯಕ್ಷರಾಗಿ ಆಯ್ಕೆಯಾದರು, 2022ರಲ್ಲಿ ರೋಜರ್ ಬಿನ್ನಿ ಮಂಡಳಿಯ ಅಧ್ಯಕ್ಷರಾದರು; ಆಡಳಿತದ ಕುರ್ಚಿಗೆ ಆಟಗಾರರೇ ಬಂದ ಈ ಬೆಳವಣಿಗೆ ಸ್ವಾಗತಾರ್ಹವೇ, ಆದರೆ ಟೆಸ್ಟ್ ಆಡದ ವಕೀಲರೊಬ್ಬರು ಕಟ್ಟಿದ ಅಡಿಪಾಯದ ಮೇಲೆಯೇ ಅದು ನಿಂತಿದೆ.

2025ರ ಜೂನ್ 3ರಂದು ಬೆಂಗಳೂರು ತಂಡ ಅಹಮದಾಬಾದಿನಲ್ಲಿ ಮೊದಲ ಬಾರಿಗೆ ಐಪಿಎಲ್ ಗೆದ್ದು, ಮರುದಿನ ಈ ಕ್ರೀಡಾಂಗಣದಲ್ಲಿ ಅಭಿನಂದನೆ ಏರ್ಪಾಟಾದಾಗ, ಹೊರಗಿನ ಗೇಟುಗಳ ಬಳಿ ನಡೆದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಮೈಕೆಲ್ ಕುನ್ಹಾ ಆಯೋಗ ಭಾರಿ ಜನಸಂದಣಿಗೆ ಈ ಕ್ರೀಡಾಂಗಣದ ವಿನ್ಯಾಸ ತಕ್ಕುದಲ್ಲವೆಂದು ಹೇಳಿತು; ಆ ವರ್ಷದ ಮಹಿಳಾ ವಿಶ್ವಕಪ್‌ನ ಇಲ್ಲಿನ ಪಂದ್ಯಗಳು ನವಿ ಮುಂಬೈಗೆ ಹೋದವು.

1970ರಲ್ಲಿ ಕಟ್ಟತೊಡಗಿದ ಅಂಗಳಕ್ಕೆ ಅಂದಿನ ಊರಿನ ಅಳತೆಯಿತ್ತು; ಇಂದಿನ ಜನಸಾಗರಕ್ಕೆ ಬೇಕಾದ ದಾರಿ, ಬಾಗಿಲು, ಶಿಸ್ತುಗಳನ್ನು ಒದಗಿಸುವುದು ಇಂದಿನ ಆಡಳಿತದ ಹೊಣೆ, ಮತ್ತು ಚಿನ್ನಸ್ವಾಮಿಯವರ ಹೆಸರಿಗೆ ಸಲ್ಲಿಸಬೇಕಾದ ಮೊದಲ ಗೌರವವೂ ಅದೇ. ಎರಡನೆಯದು ಲೀಗ್ ಪಂದ್ಯಗಳ ಮೈದಾನಗಳನ್ನು ಉಳಿಸಿಕೊಳ್ಳುವುದು. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಒಂದೊಂದು ಬಯಲು ಕಟ್ಟಡಕ್ಕೆ ಹೋದಾಗಲೂ ಕಬ್ಬನ್ ರಸ್ತೆಯ ಅಂಗಳಕ್ಕೆ ಬರಬೇಕಾದ ಹುಡುಗರ ಹಾದಿ ಕಿರಿದಾಗುತ್ತದೆ.

ಮೂರನೆಯದು ಸಂಸ್ಥೆಯ ಕೈಯಲ್ಲೇ ಇರುವ ಕೆಲಸ. ಜಾಗಕ್ಕಾಗಿ ನಡೆದ ಪತ್ರವ್ಯವಹಾರ, ಸಭೆಗಳ ನಡಾವಳಿ, ಹಳೆಯ ಲೀಗ್ ವೇಳಾಪಟ್ಟಿ ಮುಂತಾಗಿ ಚಿನ್ನಸ್ವಾಮಿಯವರ ನಾಲ್ಕು ದಶಕಗಳಿಗೆ ಸಂಬಂಧಿಸಿದ ಕಾಗದಗಳಲ್ಲಿ ಉಳಿದಿರುವುದನ್ನೆಲ್ಲ ಒಪ್ಪವಾಗಿ ಜೋಡಿಸಿ, ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯು ಕನ್ನಡದ ಓದುಗರಿಗೂ ಸಂಶೋಧಕರಿಗೂ ತೆರೆದಿಡಬೇಕು.